ಮರೆವಿನ ಮುಪ್ಪಿನಲ್ಲಿ ಮಾನದ ಅಳತೆ: ಒಂದು ವಿವೇಚನೆ

೧. ಪೀಠಿಕೆ

ಶಾಲೆಯ ಸ್ಮರಣ ಸಂಚಿಕೆಯೆಂಬುದು ನೆನಪಿನ ಭಂಡಾರ. ಓದಿದವರು ಓದಿಸಿದವರನ್ನು ನೆನೆಯುವುದು, ಓದಿಸಿದವರು ಓದಿದವರ ಏಳಿಗೆಯನ್ನು ಕಂಡು ಹಿಗ್ಗುವುದು, ನೆರವಿತ್ತ ದಾನಿಗಳನ್ನು ಕೃತಜ್ಞತೆಯಿಂದ ಸ್ಮರಿಸುವುದು ಇಂಥ ಸಂಚಿಕೆಗಳ ವಾಡಿಕೆ. ಅಂಥ ಸಂಚಿಕೆಯಲ್ಲಿ ಮರೆವನ್ನು ಕುರಿತು ಬರೆಯಹೊರಡುವುದು ಕೆಲವರಿಗೆ ಅಪ್ರಸ್ತುತವೆನಿಸೀತು. ಆದರೆ ನಮಗೆ ಅಕ್ಷರ ಕಲಿಸಿದ ಹಿರಿಯರಲ್ಲಿ, ನಮ್ಮನ್ನು ಹೆತ್ತು ಸಲಹಿದವರಲ್ಲಿ, ಕೆಲವರು ಇಂದು ನಮ್ಮ ಹೆಸರನ್ನೇ ಮರೆತಿದ್ದಾರೆ. ನಾವು ಅವರನ್ನು ನೆನೆಯಬಲ್ಲೆವು. ಅವರು ನಮ್ಮನ್ನು ನೆನೆಯಲಾರರು. ಆ ಸ್ಥಿತಿಯಲ್ಲಿರುವ ಹಿರಿಯರ ಆರೈಕೆಯಲ್ಲಿ ಅವರ ಘನತೆ ಉಳಿದಿದೆಯೋ ಅಳಿದಿದೆಯೋ ಎಂಬುದನ್ನು ಅರಿಯುವ ಬಗೆ ಯಾವುದು? ಇದೇ ಪ್ರಸ್ತುತ ಲೇಖನದ ವಿಷಯ.

ಈ ವಿಷಯವನ್ನು ನಾನು ಮೊದಲು ಕಲಿತದ್ದು ಗ್ರಂಥದಿಂದಲ್ಲ; ನಾನೇ ಮಾಡಿದ ಒಂದು ತಪ್ಪಿನಿಂದ. ನನಗೆ ಶಬ್ದಮಣಿದರ್ಪಣದ ಪಾಠ ಹೇಳಿದ ಗುರುಗಳೊಬ್ಬರಿಗೆ ನಿವೃತ್ತರಾದ ಹಲವು ವರ್ಷಗಳ ಮೇಲೆ ಮರೆವಿನ ಕಾಯಿಲೆ ತೊಡಗಿತು. ಸುದ್ದಿ ತಿಳಿದು ಇಬ್ಬರು ಸಹಪಾಠಿಗಳೊಡನೆ ಅವರ ಊರಿಗೆ ಹೋದೆ. ಗುರುಗಳು ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತಿದ್ದರು. ಕಾಲಿಗೆರಗಿ ಎದುರಿಗೆ ಕುಳಿತು ತುಸು ಗಟ್ಟಿಯಾಗಿಯೇ ಕೇಳಿದೆ: “ಗುರುಗಳೇ, ನಾನು ಯಾರು, ಗುರುತು ಸಿಕ್ಕಿತೇನ್ರಿ?”

“ಬಾರಪಾ, ಕೂಡು. ಊಟ ಆತೇನು?” ಎಂದರು.

ನಾನು ಬಿಡಲಿಲ್ಲ. “ಊಟ ಆಗೇದರಿ. ನನ್ನ ಹೆಸರು ಏನು, ಹೇಳ್ರಿ ನೋಡೋಣ” ಎಂದೆ. ಅವರು ನನ್ನ ಮುಖವನ್ನು ನೋಡಿದರು, ಜೊತೆಗಾರರ ಮುಖವನ್ನು ನೋಡಿದರು. ಆಮೇಲೆ ತಲೆ ತಗ್ಗಿಸಿ ಧೋತರದ ಅಂಚನ್ನು ಮಡಿಸತೊಡಗಿದರು. ಪಾಠ ಒಪ್ಪಿಸಲಾರದ ಹುಡುಗರು ಅಂಗಿಯ ಚುಂಗನ್ನು ತಿರುಚುತ್ತ ನಿಲ್ಲುವುದನ್ನು ತರಗತಿಯಲ್ಲಿ ಎಷ್ಟೋ ಸಲ ಕಂಡವನು ನಾನು. ಅಂದು ಅದೇ ಸಂಕೋಚವನ್ನು ನನ್ನ ಗುರುಗಳ ಕೈಯಲ್ಲಿ ಕಂಡೆ.

ಅಷ್ಟರಲ್ಲಿ ಒಳಗಿನಿಂದ ಅವರ ಸೊಸೆ ಬಂದರು. “ಮಾವಾರ, ನಿಮ್ಮ ಕಡೆ ಕಲಿತವರು ಬಂದಾರ್ರಿ. ಇವರೂ ಈಗ ಸಾಲ್ಯಾಗ ಕನ್ನಡ ಕಲಸ್ತಾರ್ರಿ” ಎಂದು ನನ್ನ ಹೆಸರನ್ನು ತಾವೇ ಹೇಳಿದರು. ಗುರುಗಳು ತಲೆಯೆತ್ತಿದರು. “ಹೌದೇನು? ಯಾವ ಇಯತ್ತೆಗೆ?” ಎಂದು ಕೇಳಿದರು. ಮುಂದಿನ ಅರ್ಧ ಗಂಟೆ ಅವರು ಗುರುಗಳಾಗಿಯೂ ನಾನು ಶಿಷ್ಯನಾಗಿಯೂ ಮಾತು ನಡೆಯಿತು. ಹೊರಡುವಾಗ ಆ ತಾಯಿ ಅಂಗಳದವರೆಗೆ ಬಂದು ಮೆಲ್ಲಗೆ ಹೇಳಿದರು: “ಸರ್, ಇನ್ನೊಮ್ಮೆ ಬಂದಾಗ ಅವರನ್ನ ಕೇಳಬ್ಯಾಡ್ರಿ, ನೀವೇ ಹೇಳ್ರಿ.”

ಜೀವಮಾನವೆಲ್ಲ ಪ್ರಶ್ನೆ ಕೇಳಿ ಅಂಕ ಹಾಕಿದ ಅಧ್ಯಾಪಕನಿಗೆ ಈ ಮಾತು ಹೊಸ ಪಾಠವಾಯಿತು. ಅಂದು ಪರೀಕ್ಷೆಗೆ ಕುಳಿತವರು ಗುರುಗಳೆಂದು ನಾನು ಭಾವಿಸಿದ್ದೆ. ವಾಸ್ತವವಾಗಿ ಕುಳಿತವನು ನಾನು, ಅನುತ್ತೀರ್ಣನಾದವನೂ ನಾನೇ.

೨. ಪದವಿಚಾರ

ವಿಷಯಪ್ರವೇಶಕ್ಕೆ ಮುನ್ನ ಕೆಲವು ಪದಗಳನ್ನು ವಿಚಾರಿಸುವುದು ಉಚಿತ. “ಅರವತ್ತಕ್ಕೆ ಅರಳು ಮರಳು” ಎಂಬ ಗಾದೆ ನಮ್ಮಲ್ಲಿ ಮನೆಮಾತು. ಮುಪ್ಪಿನ ಮರೆವನ್ನು ಕನ್ನಡಿಗರು ಬಲು ಹಿಂದೆಯೇ ಗುರುತಿಸಿದ್ದರೆಂಬುದಕ್ಕೆ ಈ ಮಾತು ಸಾಕ್ಷಿ. ಆದರೆ ಇದರಿಂದ ಒಂದು ತಪ್ಪು ತಿಳಿವಳಿಕೆಯೂ ಬೆಳೆಯಿತು. ಬುದ್ಧಿ ಮಂಕಾಗುವುದು ವಯಸ್ಸಿನ ಸಹಜ ಧರ್ಮ, ಅದಕ್ಕೆ ಮಾಡುವುದೇನೂ ಇಲ್ಲ ಎಂದು ಜನ ಕೈಬಿಟ್ಟರು. ಇಂದಿನ ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಡಿಮೆನ್ಷಿಯ ಎಂಬುದು ಮಿದುಳಿನ ರೋಗಗಳಿಂದ ಉಂಟಾಗುವ ಸ್ಥಿತಿ. ಅರವತ್ತು ದಾಟಿದವರಲ್ಲಿ ಬಹುಪಾಲಿನವರಿಗೆ ಅದು ಬರುವುದೇ ಇಲ್ಲ.

ಇನ್ನು ‘ಮಾನ’ ಎಂಬ ಶಬ್ದ. ಮರ್ಯಾದೆ, ಗೌರವ ಎಂಬುದು ಇದರ ಒಂದು ಅರ್ಥ. ಅಳತೆ ಎಂಬುದು ಇನ್ನೊಂದು. ಮೊದಲನೆಯದು ‘ಮನ್’ ಧಾತುವಿನಿಂದಲೂ ಎರಡನೆಯದು ‘ಮಾ’ ಧಾತುವಿನಿಂದಲೂ ಬಂದವು. ರೂಪ ಒಂದೇ ಆದರೂ ಮೂಲ ಬೇರೆ. ಮನುಷ್ಯನ ಮಾನವನ್ನು ಮಾನದಂಡದಿಂದ ಅಳೆಯಹೊರಡುವವರು ಈ ಭೇದವನ್ನು ಮರೆಯಬಾರದು. ಬಟ್ಟೆಯನ್ನು ಮೊಳಹಾಕಿದಂತೆ ಮಾನವನ್ನು ಮೊಳಹಾಕಲಾಗದು.

‘ಘನತೆ’, ‘ಗೌರವ’ ಎಂಬ ಎರಡು ಪದಗಳಲ್ಲಿಯೂ ತೂಕದ ಅರ್ಥವುಂಟು. ಘನವಾದದ್ದು ಘನತೆ, ಗುರುವಾದದ್ದರ ಭಾವ ಗೌರವ. ಆದುದರಿಂದಲೇ ಒಬ್ಬರನ್ನು ಅವಮಾನಿಸಿದರೆ ‘ಹಗುರವಾಗಿ ಕಂಡರು’ ಎನ್ನುತ್ತೇವೆ. ಇಲ್ಲಿ ಛಂದಸ್ಸಿನ ಒಂದು ನಿಯಮ ನೆನಪಾಗುತ್ತದೆ. ಸ್ವಭಾವತಃ ಲಘುವಾದ ಅಕ್ಷರವೂ ಮುಂದೆ ಒತ್ತಕ್ಷರವಿದ್ದರೆ ಗುರುವಾಗುತ್ತದೆ. ತನ್ನ ಬಲ ಕುಂದಿದಾಗ ನೆರೆಯವರ ಒತ್ತಾಸೆಯಿಂದ ತೂಕ ಉಳಿಯುವುದು ಅಕ್ಷರಕ್ಕೂ ಉಂಟು, ಮನುಷ್ಯರಿಗೂ ಉಂಟು. ಆ ಒತ್ತು ಶಿಥಿಲವಾದರೆ ತೂಕ ಬಾರದೆಂಬುದನ್ನೂ ಶಿಥಿಲದ್ವಿತ್ವವನ್ನು ಬಲ್ಲವರು ಬಲ್ಲರು.

೩. ರೋಗ ಮತ್ತು ನೆನಪಿನ ಪರೀಕ್ಷೆ

ಡಿಮೆನ್ಷಿಯಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಬಹಳವಾಗಿ ಕಾಣುವುದು ಆಲ್ಝೈಮರ್ ಕಾಯಿಲೆ. ೧೯೦೧ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗಸ್ಟೆ ಎಂಬ ೫೧ ವರ್ಷದ ಮಹಿಳೆಯನ್ನು ಕರೆತಂದರು. ವೈದ್ಯ ಅಲೋಯ್ಸ್ ಆಲ್ಝೈಮರ್ ಆಕೆಯನ್ನು ಕೂರಿಸಿಕೊಂಡು ಹೆಸರೇನು, ಗಂಡನ ಹೆಸರೇನು, ಎಲ್ಲಿದ್ದೀರಿ ಎಂದು ಕೇಳಿ ಉತ್ತರಗಳನ್ನು ಬರೆದಿಟ್ಟರು. ತನ್ನ ಹೆಸರನ್ನು ಬರೆಯಹೇಳಿದಾಗ ಬರೆಯಲಾಗದೆ ಆಕೆ ತನ್ನನ್ನೇ ತಾನು ಕಳೆದುಕೊಂಡಿರುವುದಾಗಿ ಹೇಳಿದಳೆಂದು ಆ ದಾಖಲೆಗಳಿಂದ ತಿಳಿಯುತ್ತದೆ. ೧೯೦೬ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಪರಿಶೀಲಿಸಿ, ಅದೇ ವರ್ಷ ಟ್ಯೂಬಿಂಗೆನ್ ನಗರದ ವೈದ್ಯರ ಸಭೆಯಲ್ಲಿ ಅವರು ತಮ್ಮ ಶೋಧವನ್ನು ಮಂಡಿಸಿದರು. ೧೯೧೦ರಲ್ಲಿ ಎಮಿಲ್ ಕ್ರೇಪೆಲಿನ್ ತಮ್ಮ ಪಠ್ಯಗ್ರಂಥದಲ್ಲಿ ಈ ಕಾಯಿಲೆಗೆ ಆಲ್ಝೈಮರರ ಹೆಸರನ್ನಿಟ್ಟರು. ರೋಗಿ ತನ್ನನ್ನು ಕಳೆದುಕೊಂಡೆನೆನ್ನುವಾಗ ಸುತ್ತಲಿನವರ ಕರ್ತವ್ಯವೇನೆಂಬ ಪ್ರಶ್ನೆ ಹೀಗೆ ಈ ಕಾಯಿಲೆಯ ಮೊದಲ ದಾಖಲೆಯಲ್ಲಿಯೇ ಅಡಗಿದೆ.

ಇಂದು ಇದು ದೂರದ ದೇಶದ ಸಂಗತಿಯಾಗಿ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ ೨೦೨೧ರಲ್ಲಿ ಜಗತ್ತಿನಲ್ಲಿ ೫ ಕೋಟಿ ೭೦ ಲಕ್ಷ ಜನ ಡಿಮೆನ್ಷಿಯದಿಂದ ಬಳಲುತ್ತಿದ್ದರು. ಭಾರತದಲ್ಲಿ ೬೦ ವರ್ಷ ದಾಟಿದವರಲ್ಲಿ ನೂರಕ್ಕೆ ೭.೪ರಷ್ಟು, ಅಂದರೆ ಸುಮಾರು ೮೮ ಲಕ್ಷ ಜನರಿಗೆ ಇದು ಇದೆಯೆಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿತು. ಇವರಲ್ಲಿ ಅತ್ಯಧಿಕ ಸಂಖ್ಯೆಯವರನ್ನು ನೋಡಿಕೊಳ್ಳುತ್ತಿರುವುದು ಮನೆಯವರು. ಮನೆಯವರಲ್ಲಿಯೂ ಹೆಂಡತಿ, ಸೊಸೆ, ಮಗಳು.

ರೋಗ ಗುರುತಿಸಲು ವೈದ್ಯರು ಬಳಸುವ ಪರೀಕ್ಷೆಗಳಲ್ಲಿ ೧೯೭೫ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ಮತ್ತು ಸಂಗಡಿಗರು ರಚಿಸಿದ ೩೦ ಅಂಕಗಳ ಪರೀಕ್ಷೆ ಪ್ರಸಿದ್ಧವಾದದ್ದು. ಇಂದು ಯಾವ ವಾರ, ಇದು ಯಾವ ಊರು, ನೂರರಿಂದ ಏಳೇಳು ಕಳೆಯುತ್ತ ಹೋಗಿ, ಹೇಳಿದ ಮೂರು ಪದಗಳನ್ನು ಮರಳಿ ಹೇಳಿ, ಹೀಗೆ ಅದರ ಪ್ರಶ್ನೆಗಳು. ಅಕ್ಷರ ಬಾರದ ಹಳ್ಳಿಗರಿಗೆ ಇದು ಅನ್ಯಾಯವಾಗುತ್ತದೆಂದು ಕಂಡುಕೊಂಡ ವಿದ್ವಾಂಸರು ಹರಿಯಾಣದ ಬಲ್ಲಭಗಢ ಪ್ರದೇಶದ ಜನರಿಗಾಗಿ ಹಿಂದಿಯಲ್ಲಿ ಇದರ ಬೇರೊಂದು ರೂಪವನ್ನು ಸಿದ್ಧಪಡಿಸಿ ೧೯೯೫ರಲ್ಲಿ ಪ್ರಕಟಿಸಿದರು. ಇಂಥ ಪರೀಕ್ಷೆಗಳು ಚಿಕಿತ್ಸೆಗೆ ಅವಶ್ಯ. ಆದರೆ ಅವುಗಳ ಸ್ಥಾನ ವೈದ್ಯರ ಕೋಣೆ, ಪಡಸಾಲೆಯಲ್ಲ. ಬಂದ ನೆಂಟರೆಲ್ಲರೂ “ನಾನು ಯಾರು ಹೇಳು” ಎಂದು ಕೇಳಿದರೆ ಹಿರಿಯರು ದಿನವೂ ಅನುತ್ತೀರ್ಣರಾಗುತ್ತಾರೆ. ಅಂಕ ಮೂವತ್ತರಿಂದ ಹತ್ತಕ್ಕೆ ಇಳಿದಾಗ ಇಳಿದದ್ದು ನೆನಪು. ಮನುಷ್ಯತ್ವ ಇಳಿಯಿತೆನ್ನಲು ಆ ಪರೀಕ್ಷೆಯಲ್ಲಿ ಆಧಾರವಿಲ್ಲ.

೪. ಘನತೆಯ ನಾಲ್ಕು ಬಗೆ

ಹಾಗಾದರೆ ಅಳೆಯಬೇಕಾದ ಘನತೆ ಯಾವುದು? ಸ್ವೀಡನ್ ದೇಶದ ದಾರ್ಶನಿಕ ಲೆನ್ನಾರ್ಟ್ ನೋರ್ಡೆನ್‌ಫೆಲ್ಟ್ ೨೦೦೪ರ ಒಂದು ಲೇಖನದಲ್ಲಿ ಘನತೆಯನ್ನು ನಾಲ್ಕಾಗಿ ವಿಂಗಡಿಸಿದರು. ಪದವಿ ಸಾಧನೆಗಳಿಂದ ಬಂದದ್ದು ಒಂದು. ಶೀಲದ ಔನ್ನತ್ಯದಿಂದ ಬಂದದ್ದು ಎರಡನೆಯದು. ತನ್ನ ದೇಹ, ತನ್ನ ಬದುಕು, ತಾನು ಇಂಥವನು ಎಂಬ ಭಾವ, ಇವುಗಳಿಗೆ ಸೇರಿದ ಅಸ್ಮಿತೆಯ ಘನತೆ ಮೂರನೆಯದು. ಮನುಷ್ಯನಾಗಿ ಹುಟ್ಟಿದ ಮಾತ್ರದಿಂದ ಇರುವುದು ನಾಲ್ಕನೆಯದು. ಈ ನಾಲ್ಕನೆಯದನ್ನು ಯಾರೂ ಕಸಿಯಲಾರರು, ರೋಗವೂ ಕಸಿಯಲಾರದು. ಇದಕ್ಕೆ ಅಳತೆಯೂ ಇಲ್ಲ.

ನಮ್ಮ ಗಮನಕ್ಕೆ ಪಾತ್ರವಾಗಬೇಕಾದದ್ದು ಮೂರನೆಯದು. ಇದನ್ನು ಇನ್ನೊಬ್ಬರು ಮುರಿಯಬಲ್ಲರು, ಇನ್ನೊಬ್ಬರು ಕಾಯಲೂಬಲ್ಲರು. ಬಾಗಿಲು ತೆರೆದಿಟ್ಟು ಬಟ್ಟೆ ಬದಲಿಸಿದರೆ ಮುರಿಯುವುದು ಇದೇ. ಗುರುಗಳ ಹೆಸರು ಹಿಡಿದು ಏಕವಚನದಲ್ಲಿ ಗದರಿದರೆ ಮುರಿಯುವುದೂ ಇದೇ. ಆದಕಾರಣ ಘನತೆಯ ಮೌಲ್ಯಮಾಪನವೆಂದರೆ ಹಿರಿಯರಲ್ಲಿ ಎಷ್ಟು ಘನತೆ ಉಳಿದಿದೆ ಎಂಬ ಲೆಕ್ಕವಲ್ಲ. ಅವರ ಸುತ್ತಲಿನ ನಾವು ಅದನ್ನು ಎಷ್ಟು ಕಾದಿದ್ದೇವೆ ಎಂಬ ಲೆಕ್ಕ. ‘ಪರೀಕ್ಷೆ’ ಎಂಬ ಪದದ ವ್ಯುತ್ಪತ್ತಿಯೂ ಇದನ್ನೇ ಸೂಚಿಸುತ್ತದೆ. ಪರಿ ಎಂದರೆ ಸುತ್ತಲೂ, ಈಕ್ಷೆ ಎಂದರೆ ನೋಡುವಿಕೆ. ಸುತ್ತಲೂ ನೋಡುವುದೇ ಪರೀಕ್ಷೆ.

೫. ನೋಡಿ ಅರಿಯುವ ಬಗೆ

ಹೀಗೆ ಸುತ್ತಲೂ ನೋಡುವ ಕ್ರಮವನ್ನು ಶಾಸ್ತ್ರೀಯವಾಗಿ ರೂಪಿಸಿದವರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಟಾಮ್ ಕಿಟ್‌ವುಡ್ ಮುಖ್ಯರು. ೧೯೯೭ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ರೋಗಿಯ ವ್ಯಕ್ತಿತ್ವವನ್ನು ಕುಂದಿಸುವ ೧೭ ನಡವಳಿಕೆಗಳನ್ನು ಪಟ್ಟಿಮಾಡಿದರು. ಮೋಸಗೊಳಿಸುವುದು, ಮಾಡಬಲ್ಲ ಕೆಲಸವನ್ನು ಕೈಯಿಂದ ಕಸಿಯುವುದು, ಶಿಶುವಿನಂತೆ ಕಾಣುವುದು, ಬೆದರಿಸುವುದು, ಅವರಿಗೆ ಎಟುಕದ ವೇಗದಲ್ಲಿ ಮಾತಾಡುವುದು, ದೂರವಿಡುವುದು, ವಸ್ತುವಿನಂತೆ ಎತ್ತಿ ಇಳಿಸುವುದು, ಎದುರಿಗಿದ್ದರೂ ಇಲ್ಲವೆಂಬಂತೆ ಮಾತಾಡುವುದು, ನಗೆಯಾಡುವುದು ಮೊದಲಾದವು ಅದರಲ್ಲಿವೆ. ಇವನ್ನು ಮಾಡುವವರು ದುಷ್ಟರೇ ಆಗಬೇಕಿಲ್ಲ, ಒಳ್ಳೆಯವರೂ ಅರಿಯದೆ ಮಾಡುತ್ತಾರೆ ಎಂಬುದನ್ನು ಕಿಟ್‌ವುಡ್ ಒತ್ತಿ ಹೇಳಿದರು. ನನ್ನ ಗುರುಗಳ ಪಡಸಾಲೆಯಲ್ಲಿ ನಾನು ಮಾಡಿದ್ದೂ ಅಂಥದೇ.

ಇದಕ್ಕೆ ಪ್ರತಿಯಾಗಿ ರೋಗಿಗೆ ಬೇಕಾದವು ಐದೆಂದರು: ಸಾಂತ್ವನ, ಆತ್ಮೀಯ ಬಂಧ, ಜೊತೆಗೂಡಿಸಿಕೊಳ್ಳುವಿಕೆ, ಕೈಗೆ ಕೆಲಸ, ತಾನು ಯಾರೆಂಬ ಭಾವ. ಇವನ್ನು ಹೂವಿನ ಐದು ಎಸಳುಗಳಂತೆ ಚಿತ್ರಿಸಿ ನಡುವೆ ಪ್ರೀತಿಯನ್ನಿಟ್ಟರು. ನಮ್ಮ ಗಾದೆಯ ‘ಅರಳು’ ಎಂಬ ಪದಕ್ಕೆ ಹೂವಾಗು ಎಂಬ ಅರ್ಥವೂ ಉಂಟೆಂಬುದನ್ನು ಇಲ್ಲಿ ನೆನೆಯಬಹುದು.

ಕಿಟ್‌ವುಡ್ ಮತ್ತು ಸಂಗಡಿಗರು ರೂಪಿಸಿದ ವೀಕ್ಷಣಾ ವಿಧಾನದಲ್ಲಿ ತರಬೇತಿ ಪಡೆದವರೊಬ್ಬರು ಆರೈಕೆಗೃಹದ ಹಜಾರದಲ್ಲಿ ಕೆಲವು ಗಂಟೆಗಳ ಕಾಲ ಕುಳಿತು, ಪ್ರತಿ ಐದು ನಿಮಿಷಕ್ಕೊಮ್ಮೆ ಪ್ರತಿಯೊಬ್ಬ ಹಿರಿಯರೂ ಏನು ಮಾಡುತ್ತಿದ್ದಾರೆ, ಯಾರಾದರೂ ಅವರೊಡನೆ ಮಾತಾಡಿದರೇ, ಮುಖ ಅರಳಿತೇ ಬಾಡಿತೇ ಎಂಬುದನ್ನು ಗುರುತಿಸುತ್ತಾರೆ. ಉತ್ಸಾಹಕ್ಕೆ ಧನ ಐದರವರೆಗೆ, ಸಂಕಟಕ್ಕೆ ಋಣ ಐದರವರೆಗೆ ಅಂಕ. ಇಲ್ಲಿ ಪ್ರಶ್ನೆಗಳಿಲ್ಲ, ಹಿರಿಯರು ಉತ್ತರಿಸಬೇಕಾದ ಹೊರೆಯಿಲ್ಲ. ಎರಡು ಗಂಟೆಗಳ ಕಾಲ ಯಾರೂ ಮಾತಾಡಿಸದೆ ಗೋಡೆ ನೋಡುತ್ತ ಕುಳಿತ ಅಜ್ಜಿಯೊಬ್ಬರು ಈ ದಾಖಲೆಯಲ್ಲಿ ಎದ್ದು ಕಾಣುತ್ತಾರೆ. ಹೊತ್ತಿಗೆ ಊಟ, ಹೊತ್ತಿಗೆ ಮದ್ದು ಎಂಬ ಕಡತದಲ್ಲಿ ಅವರು ಕಾಣುವುದಿಲ್ಲ.

ಈ ವಿಧಾನಕ್ಕೂ ಒಂದು ಎಲ್ಲೆಯಿದೆ. ವೀಕ್ಷಕರು ಬಚ್ಚಲಿಗೂ ಮಲಗುವ ಕೋಣೆಗೂ ಹೋಗುವಂತಿಲ್ಲ. ಮಾನ ಅತ್ಯಂತ ಸುಲಭವಾಗಿ ಮುರಿಯುವುದು ಅಲ್ಲಿಯೇ. ಅಲ್ಲಿ ನೋಡಹೋದರೆ ನೋಟದಿಂದಲೇ ಮಾನ ಹೋಗುತ್ತದೆ. ಆ ಸ್ಥಳದಲ್ಲಿ ಪರೀಕ್ಷಕ ಒಬ್ಬನೇ, ಆರೈಕೆ ಮಾಡುವವರ ಮನಸ್ಸಾಕ್ಷಿ.

೬. ಕೇಳಿ ಅರಿಯುವ ಬಗೆ

‘ಶುಶ್ರೂಷೆ’ ಎಂಬ ಪದವನ್ನು ನಾವು ಸೇವೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಇದು ‘ಶ್ರು’ ಧಾತುವಿನ ಇಚ್ಛಾರ್ಥಕ ರೂಪ. ಕೇಳಬೇಕೆಂಬ ಬಯಕೆ ಎಂಬುದೇ ಇದರ ಮೂಲಾರ್ಥ. ಕಿವಿಗೊಡದ ಸೇವೆ ಶುಶ್ರೂಷೆಯೆನಿಸದು.

ಮರೆವಿನ ರೋಗಿಯ ಮಾತನ್ನು ಕೇಳಿ ಫಲವೇನು ಎನ್ನುವವರುಂಟು. ಲಂಡನ್ನಿನ ವಿದ್ವಾಂಸರು ೨೦೦೫ರಲ್ಲಿ ಇದಕ್ಕೆ ಉತ್ತರವಾಗಿ ಎರಡು ಪ್ರಶ್ನಾವಳಿಗಳನ್ನು ಪ್ರಕಟಿಸಿದರು. ೨೮ ಪ್ರಶ್ನೆಗಳದು ರೋಗಿಗೇ ಕೇಳತಕ್ಕದ್ದು. ೩೧ ಪ್ರಶ್ನೆಗಳದು ಆರೈಕೆ ಮಾಡುವವರಿಗೆ ಕೇಳತಕ್ಕದ್ದು. ಕಾಯಿಲೆ ಅತಿಯಾಗಿ ಮುಂದುವರಿಯದ ಹಂತದಲ್ಲಿ ತಮಗೆ ಸುಖವಿದೆಯೇ, ಬೇಸರವಿದೆಯೇ ಎಂಬುದನ್ನು ಹಿರಿಯರು ತಾವೇ ಹೇಳಬಲ್ಲರು. ಇಂಥ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿಯೊಂದಿದೆ. ರೋಗಿ ತನ್ನ ಬಾಳನ್ನು ತೂಗುವುದಕ್ಕಿಂತ ಮನೆಯವರು ಅದನ್ನು ಹಗುರವಾಗಿ ತೂಗುತ್ತಾರೆ. ಆರೈಕೆ ಮಾಡಿ ದಣಿದವರ ತಕ್ಕಡಿ ಇನ್ನೂ ವಾಲುತ್ತದೆ. “ಅವರಿಗೇನು ತಿಳಿಯುತ್ತದೆ, ಪಾಪ” ಎಂಬ ಮಾತು ಎಷ್ಟೋ ವೇಳೆ ನಮ್ಮ ದಣಿವಿನ ಮಾತು.

ಆ ತಾಯಿ “ಕೇಳಬೇಡಿ, ಹೇಳಿ” ಎಂದದ್ದಕ್ಕೂ ಈ ಮಾತಿಗೂ ವಿರೋಧವಿಲ್ಲ. ನೆನಪನ್ನು ಕೇಳಬಾರದು, ಇಷ್ಟವನ್ನು ಕೇಳಬೇಕು. “ಬೆಳಿಗ್ಗೆ ಏನು ತಿಂದಿರಿ?” ಎಂಬುದು ನೆನಪಿನ ಪ್ರಶ್ನೆ. “ರೊಟ್ಟಿ ಬೇಕೋ, ಅನ್ನ ಬೇಕೋ?” ಎಂದು ಎರಡನ್ನೂ ಮುಂದಿಟ್ಟು ಕೇಳುವುದು ಇಷ್ಟದ ಪ್ರಶ್ನೆ. ಮೊದಲನೆಯದು ಅವರ ಸೋಲನ್ನು ತೋರಿಸುತ್ತದೆ. ಎರಡನೆಯದು ಅವರ ಯಜಮಾನಿಕೆಯನ್ನು ಉಳಿಸುತ್ತದೆ.

ಮಾತು ಪೂರ್ತಿ ನಿಂತ ಮೇಲೆ? ಆಗಲೂ ದೇಹ ಮಾತಾಡುತ್ತದೆ. ೨೦೦೩ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ನೋವಿನ ಮಾಪನವೊಂದು ಉಸಿರಾಟ, ನರಳಿಕೆ, ಮುಖಭಾವ, ಮೈಯ ಬಿಗಿತ, ಸಂತೈಸಿದಾಗ ಸಮಾಧಾನಗೊಳ್ಳುವಿಕೆ ಎಂಬ ಐದನ್ನು ನೋಡಿ, ಒಂದೊಂದಕ್ಕೆ ಎರಡರವರೆಗೆ ಅಂಕವಿಟ್ಟು ಒಟ್ಟು ಹತ್ತಕ್ಕೆ ಲೆಕ್ಕ ಹಾಕುತ್ತದೆ. ಹಟ, ಸಿಟ್ಟು ಎಂದು ನಾವು ಹೆಸರಿಡುವುದು ಹಲವು ಸಲ ಹಲ್ಲುನೋವೋ ಮಲಬದ್ಧತೆಯೋ ಆಗಿರುತ್ತದೆ. ಹೇಳಲಾರದವರ ನೋವನ್ನು ಹಟವೆಂದು ಕರೆಯುವುದಕ್ಕಿಂತ ಹೆಚ್ಚಿನ ಅವಮಾನ ಯಾವುದಿದೆ?

೭. ಬಚ್ಚಲು, ಉಡುಪು, ಪಾಟಿ

ಮರೆವಿನ ಹಿರಿಯರು ಸ್ನಾನಕ್ಕೆ ಒಲ್ಲೆನೆಂದು ಕೈ ಬೀಸುವುದು ಹಲವು ಮನೆಗಳ ಕಥೆ. ಅವರ ಕಡೆಯಿಂದ ನೋಡಿದರೆ ಗುರುತಿಲ್ಲದ ಯಾರೋ ಬಂದು ಬಟ್ಟೆ ಬಿಚ್ಚುತ್ತಿದ್ದಾರೆ. ತಲೆಯ ಮೇಲೆ ನೀರು ಸುರಿಯುತ್ತಿದ್ದಾರೆ. ಕೈ ಬೀಸದೆ ಇನ್ನೇನು ಮಾಡಬೇಕು? ೨೦೦೪ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಎರಡು ಮಾರ್ಪಾಟುಗಳನ್ನು ಪರೀಕ್ಷಿಸಿದರು. ಒಂದರಲ್ಲಿ ಅವರವರ ರುಚಿಗೆ ಹೊಂದಿಸಿ, ಮಾತಾಡಿಸುತ್ತ, ಮೈಗೆ ಹೊದಿಕೆಯಿಟ್ಟು ಸ್ನಾನ ಮಾಡಿಸುವುದು. ಇನ್ನೊಂದರಲ್ಲಿ ಹಾಸಿಗೆಯಲ್ಲಿಯೇ ಬೆಚ್ಚನೆಯ ಒದ್ದೆ ಟವೆಲು ಹೊದಿಸಿ ಮೈಯೊರೆಸುವುದು. ಎರಡರಲ್ಲಿಯೂ ಹೊಡೆಯುವ ಪರಚುವ ಪ್ರಸಂಗಗಳು ಅರ್ಧಕ್ಕಿಂತ ಹೆಚ್ಚು ಇಳಿದವು. ಹೀಗೆ ಹಟವೆಂದು ಕರೆದದ್ದರಲ್ಲಿ ಅರ್ಧ ನಮ್ಮ ಕ್ರಮದ ದೋಷವೆಂದಾಯಿತು. ನಮ್ಮ ಅಜ್ಜಿಯರು ಸೀರೆಯುಟ್ಟೇ ಮೀಯುತ್ತಿದ್ದುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ನಮ್ಮ ದೇಶದ ಕಾನೂನು ಕೂಡ ಈ ಸೂಕ್ಷ್ಮಗಳನ್ನು ಗಮನಿಸಿದೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮಾನಸಿಕ ಅಸ್ವಾಸ್ಥ್ಯದ ವ್ಯಾಖ್ಯೆಯಲ್ಲಿ ನೆನಪು ಮತ್ತು ದೇಶಕಾಲಜ್ಞಾನದ ತೀವ್ರ ಏರುಪೇರನ್ನೂ ಸೇರಿಸಿತು. ಅದರ ೨೦ನೆಯ ಪ್ರಕರಣದಂತೆ ಅಂಥವರಿಗೆ ಘನತೆಯಿಂದ ಬಾಳುವ ಹಕ್ಕಿದೆ. ಏಕಾಂತ, ಮೈ ಮುಚ್ಚುವ ಉಡುಪು, ಇಷ್ಟಪಟ್ಟರೆ ಸ್ವಂತ ಬಟ್ಟೆ ತೊಡುವ ಅವಕಾಶ, ಬಲವಂತದಿಂದ ತಲೆ ಬೋಳಿಸದಿರುವುದು ಇವನ್ನೆಲ್ಲ ಚಿಕಿತ್ಸಾಸಂಸ್ಥೆಗಳು ಪಾಲಿಸಬೇಕೆಂದು ಕಾಯಿದೆ ಬಿಡಿಸಿ ಹೇಳಿದೆ. ಘನತೆ ಎಂಬ ದೊಡ್ಡ ಮಾತು ಕಡೆಗೆ ಬಂದು ನಿಲ್ಲುವುದು ಬಾಗಿಲ ಪರದೆಯಲ್ಲಿ, ತಲೆಯ ಕೂದಲಲ್ಲಿ.

ಆದರೆ ಪಟ್ಟಿಯಿಂದ ಮಾತ್ರ ಎಲ್ಲವೂ ತಿಳಿಯದು. ನನ್ನ ಗುರುಗಳು ನಿತ್ಯ ಹತ್ತು ಗಂಟೆಗೆ ಶಾಲೆಗೆ ಹೊತ್ತಾಯಿತೆಂದು ಹೊರಡುತ್ತಿದ್ದರು. “ನಿಮ್ಮ ನೌಕರಿ ಮುಗಿದು ಎಷ್ಟೋ ವರ್ಷ ಆತು” ಎಂದು ಯಾರಾದರೂ ತಿದ್ದಿದರೆ ಅಂದೇ ನೌಕರಿ ಕಳೆದುಕೊಂಡವರಂತೆ ಕುಸಿಯುತ್ತಿದ್ದರು. ಸೊಸೆ ತಿದ್ದಲೂ ಇಲ್ಲ, ಸುಳ್ಳು ಹೇಳಲೂ ಇಲ್ಲ. ಒಂದು ಪಾಟಿ, ನಾಲ್ಕು ಬಳಪ ತಂದಿಟ್ಟು, ನೆರೆಮನೆಯ ಎರಡು ಮಕ್ಕಳನ್ನು ಎದುರಿಗೆ ಕೂರಿಸಿದರು. ಗುರುಗಳು ಅಕ್ಷರ ತೀಡಿಸತೊಡಗಿದರು. ಬಂದವರೊಬ್ಬರು ನೋಡಿ, “ಪಾಪ, ಪಾಟಿ ಹಿಡದಾರ, ತಿರುಗಿ ಕೂಸು ಆದರು” ಎಂದಾಗ ಆಕೆ ಹೇಳಿದ ಉತ್ತರ: “ಕೂಸು ಅಲ್ರಿ, ಅವರು ಮಾಸ್ತರು.”

ಬೇರೊಬ್ಬರ ಕೈಗೆ ಪಾಟಿ ಕೊಟ್ಟರೆ ಅವಮಾನವಾದೀತು. ಇವರ ಕೈಯಲ್ಲಿ ಅದು ಅಧಿಕಾರದ ಚಿಹ್ನೆ. ಒಂದೇ ವಸ್ತು ಒಬ್ಬರನ್ನು ಲಘುವಾಗಿಸಿ ಇನ್ನೊಬ್ಬರನ್ನು ಗುರುವಾಗಿಸುತ್ತದೆ. ಆದುದರಿಂದ ಘನತೆಯ ಮೌಲ್ಯಮಾಪನಕ್ಕೆ ಮೊದಲು ಬೇಕಾದದ್ದು ಜೀವನಚರಿತ್ರೆ. ಕೆನಡಾದ ವೈದ್ಯ ಹಾರ್ವಿ ಚೊಚಿನೋವ್ ಅವರು, ರೋಗಿಗೆ ಉತ್ತಮ ಆರೈಕೆ ನೀಡಲು ಆ ವ್ಯಕ್ತಿಯ ಬಗ್ಗೆ ತಮಗೆ ಏನು ತಿಳಿದಿರಬೇಕೆಂಬ ಒಂದೇ ಪ್ರಶ್ನೆಯನ್ನು ರೋಗಿಗೂ ಮನೆಯವರಿಗೂ ಕೇಳುವ ಪದ್ಧತಿಯನ್ನು ಬಳಕೆಗೆ ತಂದರು. ಬೆಳಿಗ್ಗೆ ವಿಭೂತಿ ಧರಿಸದೆ ನೀರು ಕುಡಿಯದವರು ಇವರು, ರಾತ್ರಿ ಹೊಲ ಕಾದು ಬೆಳಗಿನಲ್ಲಿ ಮಲಗುತ್ತಿದ್ದವರು ಇವರು, ಎಂಬ ಎರಡು ಸಾಲು ಹಾಸಿಗೆಯ ಬಳಿ ಬರೆದಿದ್ದರೆ ಎಷ್ಟೋ ‘ಹಟ’ಗಳ ಅರ್ಥ ತಾನೇ ಬಿಡಿಸಿಕೊಳ್ಳುತ್ತದೆ.

೮. ನಮಗೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಮೇಲಿನ ವಿವೇಚನೆಯ ಸಾರವನ್ನು ಅಧ್ಯಾಪಕನ ಅಭ್ಯಾಸಬಲದಿಂದ ಒಂದು ಪ್ರಶ್ನೆಪತ್ರಿಕೆಯಾಗಿ ಬರೆದಿದ್ದೇನೆ. ಉತ್ತರಿಸಬೇಕಾದವರು ಆರೈಕೆ ಮಾಡುವ ಮನೆಯವರು, ವೃದ್ಧಾಶ್ರಮದ ವ್ಯವಸ್ಥಾಪಕರು, ಅದಕ್ಕೆ ಹಣ ಕೊಡುವ ದಾನಿಗಳು.

(೧) ಹಿರಿಯರನ್ನು ಅವರು ರೂಢಿಯಲ್ಲಿ ಕರೆಸಿಕೊಂಡ ಹೆಸರಿನಿಂದ, ಬಹುವಚನದಿಂದ ಮಾತಾಡಿಸುತ್ತಿದ್ದೇವೆಯೇ? ಕಾಯಿಲೆ ಬಂದ ಮೇಲೆ ‘ಬರ್ರಿ’ ಎಂಬುದು ‘ಬಾ’ ಎಂದಾಯಿತೇ?

(೨) ಅವರೆದುರಿಗೇ “ಇವರಿಗೆ ಏನೂ ತಿಳಿಯುವುದಿಲ್ಲ” ಎನ್ನುತ್ತೇವೆಯೇ? ಮಧ್ಯಮ ಪುರುಷದಲ್ಲಿ ಮಾತಾಡಿಸಬೇಕಾದವರನ್ನು ಪ್ರಥಮ ಪುರುಷಕ್ಕೆ ತಳ್ಳುವುದು ವ್ಯಾಕರಣದೋಷಕ್ಕಿಂತ ದೊಡ್ಡ ದೋಷ.

(೩) ಸ್ನಾನ, ಶೌಚ, ಉಡುಪು ಬದಲಿಸುವಾಗ ಬಾಗಿಲು ಮುಚ್ಚಿದೆಯೇ? ಏನು ಮಾಡಲಿದ್ದೇವೆಂದು ಮೊದಲು ಹೇಳಿದೆವೇ?

(೪) ತೊಟ್ಟ ಬಟ್ಟೆ, ಕನ್ನಡಕ, ಹಲ್ಲಿನ ಕಟ್ಟು ಅವರವೇ ಆಗಿವೆಯೇ?

(೫) ತುತ್ತು ಇಕ್ಕುವ ವೇಗ ಅವರ ಬಾಯಿಯದೋ ನಮ್ಮ ಗಡಿಯಾರದ್ದೋ?

(೬) ಅವರ ಕೈಗೆ ಈ ದಿನ ಅವರ ಬಾಳಿಗೆ ಒಪ್ಪುವ ಒಂದು ಕೆಲಸ ಸಿಕ್ಕಿತೇ? ಕಾಳು ಆರಿಸುವುದಾಗಲಿ ಹೂ ಕಟ್ಟುವುದಾಗಲಿ ಸಾಕು.

(೭) ಸಿಟ್ಟು ಮಾಡಿದಾಗ ನೋವಿದೆಯೇ ಎಂದು ನೋಡಿದೆವೇ? ಅಥವಾ ಕುರ್ಚಿಗೆ ಕಟ್ಟಿದೆವೇ, ಮಂಪರಿನ ಮಾತ್ರೆ ಕೊಟ್ಟೆವೇ? ಉನ್ಮಾದಕ್ಕೆ ಕೊಡುವ ಕೆಲವು ಬಗೆಯ ಔಷಧಗಳು ಮರೆವಿನ ವೃದ್ಧರಲ್ಲಿ ಸಾವಿನ ಸಂಭವವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ೨೦೦೫ರಲ್ಲಿಯೇ ಎಚ್ಚರಿಸಿತು. ವೈದ್ಯರ ಸಲಹೆಯಿಲ್ಲದೆ ಇಂಥ ಮಾತ್ರೆಯನ್ನು ಕೊಡಲೂಬಾರದು, ಹಠಾತ್ತನೆ ನಿಲ್ಲಿಸಲೂಬಾರದು.

(೮) ಆರೈಕೆ ಮಾಡುವವರು ಕಡೆಯ ಸಲ ಪೂರ್ತಿ ರಾತ್ರಿ ನಿದ್ದೆ ಮಾಡಿದ್ದು ಯಾವಾಗ? ಅವರ ಸರದಿ ತೆಗೆದುಕೊಂಡವರು ಯಾರು?

ಈ ಕಡೆಯ ಪ್ರಶ್ನೆಯನ್ನು ಕಡೆಗಿಟ್ಟದ್ದು ಕಡಮೆಯೆಂದಲ್ಲ. ನಿದ್ದೆಗೆಟ್ಟು, ಸಹಾಯವಿಲ್ಲದೆ, ಮೆಚ್ಚುಗೆಯೂ ಇಲ್ಲದೆ ದುಡಿಯುವವರಿಂದ ಇನ್ನೊಬ್ಬರ ಮಾನ ಕಾಯಿರೆಂದು ಬಯಸುವುದು ನ್ಯಾಯವಲ್ಲ. ದಾನಿಗಳಲ್ಲಿ ನನ್ನ ಬಿನ್ನಹವಿದು: ವೃದ್ಧರ ಆಶ್ರಯಕ್ಕೆ ನೆರವು ಕೊಡುವಾಗ ಕಟ್ಟಡದ ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಮೊದಲು, ಅಲ್ಲಿ ಎಷ್ಟು ಜನ ಹಿರಿಯರಿಗೆ ಒಬ್ಬ ಪರಿಚಾರಕರಿದ್ದಾರೆ, ಅವರಿಗೆ ಸಂಬಳವೆಷ್ಟು, ತರಬೇತಿಯಾಗಿದೆಯೇ ಎಂದು ವಿಚಾರಿಸಬೇಕು. ದಾಸೋಹದಲ್ಲಿ ಉಣ್ಣುವವರ ಹೆಸರು ಕೇಳುವುದಿಲ್ಲ, ಅವರಿಂದ ಗುರುತನ್ನೂ ಬಯಸುವುದಿಲ್ಲ. ನಮ್ಮನ್ನು ಗುರುತಿಸಲಾರದ ಹಿರಿಯರ ಸೇವೆಗೂ ಅದೇ ನೀತಿ ಸಲ್ಲುತ್ತದೆ.

೯. ಉಪಸಂಹಾರ

ಎರಡನೆಯ ಸಲ ಗುರುಗಳನ್ನು ಕಾಣಹೋದಾಗ ಕಾಲಿಗೆರಗಿ ನಾನೇ ನನ್ನ ಹೆಸರು ಹೇಳಿದೆ, ಊರು ಹೇಳಿದೆ, ಅವರಲ್ಲಿ ಏನು ಕಲಿತೆನೆಂದು ಹೇಳಿದೆ. ಅವರಿಗೆ ಗುರುತು ಹತ್ತಲಿಲ್ಲ. “ಚಲೋ ಆತು” ಎಂದರು. ಹುಡುಗರು ತೀಡಿದ ಪಾಟಿಯನ್ನು ನನ್ನ ಕೈಗೆ ಕೊಟ್ಟು ನೋಡಲು ಹೇಳಿದರು. ನಾನು ನೋಡಿ, “ಅಕ್ಷರ ದುಂಡಗೆ ಅದಾವ್ರಿ” ಎಂದೆ. ಅವರಿಗೆ ಸಂತೋಷವಾಯಿತು. ಮುಂದೆ ಒಂದು ವರ್ಷದೊಳಗೆ ಅವರು ಲಿಂಗೈಕ್ಯರಾದರು. ಕಡೆಯವರೆಗೂ ಅವರಿಗೆ ನನ್ನ ಹೆಸರು ನೆನಪಾಗಲಿಲ್ಲ, ನೆನಪಾಗಬೇಕಾಗಿಯೂ ಇರಲಿಲ್ಲ.

ನಮ್ಮ ಶಾಲೆಯಿಂದ ಹೊರಬಿದ್ದ ನೂರಾರು ವಿದ್ಯಾರ್ಥಿಗಳ ಮನೆಗಳಲ್ಲಿ ಇಂದು ಇಂಥ ಹಿರಿಯರು ಇರಬಹುದು. ಮುಂದೊಂದು ದಿನ ನಮ್ಮಲ್ಲಿಯೇ ಕೆಲವರು ಆ ಪಡಸಾಲೆಯಲ್ಲಿ ಕುಳಿತಿರಬಹುದು. ಆ ದಿನ ನಮ್ಮೆದುರು ಬಂದು ನಿಲ್ಲುವ ಶಿಷ್ಯರು ಪ್ರಶ್ನೆ ಕೇಳದೆ ತಮ್ಮ ಹೆಸರನ್ನು ತಾವೇ ಹೇಳುವಷ್ಟು ತಿಳಿದವರಾಗಿರಬೇಕಾದರೆ, ಆ ಪಾಠವನ್ನು ಇಂದೇ ಅವರಿಗೆ ಹೇಳಿಕೊಡಬೇಕು. ಇಷ್ಟನ್ನು ವಾಚಕರಲ್ಲಿ ವಿನಯಪೂರ್ವಕ ಅರಿಕೆ ಮಾಡಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.